ಪೂಜೆಗೆ ಕುಳಿತ ಚೆಂಡು

ವಾಡಿಗೂ ಶಹಾಬಾದಿಗೂ ನಡುವೆ ಇರುವ ಒಂದು ಸಿಮೆಂಟ್ ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ನಾನು ಮೂವತ್ತೊಂದು ವರ್ಷ ಕೇರ್‌ಟೇಕರ್ ಆಗಿದ್ದೆ. ಹೋದ ವರ್ಷ ನಿವೃತ್ತನಾಗಿ ಚಿತ್ತಾಪುರದ ಮನೆಗೆ ಬಂದು ಕೂತೆ. ಕೂತೆ ಅನ್ನುವುದು ಬರೀ ಮಾತಿಗೆ. ಈಗಲೂ ಬೆಳಗಿನ ಐದೂವರೆಗೆ ಎಚ್ಚರವಾಗುತ್ತದೆ, ಕೈ ತಾನೇ ದೊಡ್ಡ ಪಾತೇಲಿಯನ್ನು ಒಲೆಗೇರಿಸುತ್ತದೆ, ಹದಿನಾಲ್ಕು ಜನರ ಚಹಾದ ನೀರು ಕುದಿಯುವ ಹೊತ್ತಿಗೆ ಮನೆಯಲ್ಲಿ ಇರುವವರು ನಾಲ್ಕೇ ಜನ ಎಂಬುದು ನೆನಪಾಗುತ್ತದೆ. ನನ್ನ ಹೆಂಡತಿ ಹಾಸಿಗೆಯಿಂದಲೇ ಕೇಳುತ್ತಾಳೆ: "ಇವತ್ತ ಯಾವ ದೇಶದೋರು ಬರ್ಲಿಕತ್ತಾರ್ರೀ?"

ನನ್ನ ಜಾಗಕ್ಕೆ ಈಗ ಸುಜಾತಾ ಎಂಬ ಸೇಡಮಿನ ಹುಡುಗಿ ಸೇರಿದ್ದಾಳೆ. ಹೋಟೆಲ್ ಕೆಲಸವನ್ನೇ ಕಾಲೇಜಿನಲ್ಲಿ ಓದಿದವಳು. ಚಮಚ ಯಾವ ಕಡೆ ಇಡಬೇಕು, ನ್ಯಾಪ್‌ಕಿನ್ ಹೇಗೆ ಮಡಚಬೇಕು ಎಲ್ಲ ನನಗಿಂತ ಚೆನ್ನಾಗಿ ಬಲ್ಲಳು. ಆದರೂ ತಿಂಗಳಿಗೊಮ್ಮೆ ಫೋನ್ ಮಾಡಿ, "ಕಾಕಾ, ಪುಸ್ತಕದಾಗ ಇರಲಾರದ್ದು ಏನರ ಇದ್ರ ಬರ್ದು ಕೊಡ್ರಿ," ಅನ್ನುತ್ತಾಳೆ. ಆಕೆಗೂ ಆಕೆಯಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಬೆಳ್ಳಿ ಲೋಟ, ಸನ್ಮಾನದ ಫೋಟೋ ಇವುಗಳ ಸುದ್ದಿ ಇಲ್ಲಿಲ್ಲ. ನಾನು ಮಾಡಿದ ತಪ್ಪುಗಳಿವೆ. ಅದರಲ್ಲೂ ಒಂದು ದಸರೆಯಲ್ಲಿ, ಒಂದು ಚೆಂಡಿನ ದೆಸೆಯಿಂದ, ನಮ್ಮ ಅಡುಗೆಮನೆಯೇ ಕೈಬಿಟ್ಟು ಹೋಗುವುದರಲ್ಲಿದ್ದ ಕತೆಯಿದೆ.

ಮೊದಲು ಕೆಲಸ ಎಂಥದು ಅಂತ ಹೇಳಿಬಿಡುತ್ತೇನೆ. ಕಾರ್ಖಾನೆಯ ದೊಡ್ಡ ಯಂತ್ರಗಳು ಹೊರದೇಶದವು. ಅವುಗಳನ್ನು ಕೂಡಿಸಲು, ರಿಪೇರಿ ಮಾಡಲು ಯುರೋಪಿನ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ಕೆಲವರು ವಾರ ಇರುತ್ತಿದ್ದರು, ಕೆಲವರು ಆರು ತಿಂಗಳು. ಅವರಿಗೆ ಹಾಸಿಗೆ, ಊಟ, ಬಿಸಿನೀರು ನನ್ನ ಜವಾಬ್ದಾರಿ. ನಾನೊಂದು ರಿಜಿಸ್ಟರ್ ಇಟ್ಟಿದ್ದೆ. "ರೂಮ್ ಮೂರು: ಹಾಲಿಲ್ಲದ ಚಹಾ. ರೂಮ್ ಆರು: ಎರಡು ದಿಂಬು, ಫ್ಯಾನ್ ಬೇಡ, ಹಲ್ಲಿ ಕಂಡರೆ ಕೂಗುತ್ತಾರೆ." ಇಂಥವು. ಆಫೀಸಿನವರು ಕೇಳುತ್ತಿದ್ದದ್ದು ಬಂದ ತಾರೀಕು, ಹೋದ ತಾರೀಕು ಎರಡನ್ನೇ. ಉಳಿದದ್ದು ನನ್ನ ಸಮಾಧಾನಕ್ಕೆ.

ಸೇರಿದ ಹೊಸದರಲ್ಲಿ ಡೆನ್ಮಾರ್ಕಿನ ಒಬ್ಬ ಇಂಜಿನಿಯರು ಬಂದರು. ಎತ್ತರದ, ಮಿತಭಾಷಿ ಮನುಷ್ಯ. ನಮ್ಮಲ್ಲಿ ಅತಿಥಿಯ ತಾಟು ಬರಿದಾಗಿ ಕಂಡರೆ ಬಡಿಸುವವನಿಗೆ ಅವಮಾನ. ನಾನು ರೊಟ್ಟಿ ಹಾಕಿದೆ. ಅವರು ತಿಂದರು. ಮತ್ತೆ ಹಾಕಿದೆ. ಮತ್ತೆ ತಿಂದರು. ಅವರ ಕಡೆ ತಾಟಿನಲ್ಲಿ ತುಣುಕು ಬಿಟ್ಟರೂ ಅದು ಅಡುಗೆ ಮಾಡಿದವರಿಗೆ ಅವಮಾನವಂತೆ. ಹೀಗೆ ಇಬ್ಬರು ಮರ್ಯಾದಸ್ಥರು ಒಬ್ಬರನ್ನೊಬ್ಬರು ಬಿಡದೆ ಏಳು ಜೋಳದ ರೊಟ್ಟಿಯ ತನಕ ಹೋದೆವು. ಎಂಟನೆಯದಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಮರುದಿನ ಅವರು ಕೆಲಸಕ್ಕೆ ಹೋಗಲಿಲ್ಲ.

ಆಗ ಹುಸೇನಸಾಬರು ನಮ್ಮ ಹಿರಿಯ ಅಡುಗೆಯವರು. ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡು ನಿಂತರು. ಆಮೇಲೆ ಹೇಳಿದರು: "ಮಲ್ಲಣ್ಣ, ಕೇಳಿ ಬಡಸೋ ಬೇಟಾ. ಪ್ಯಾರ್ ಇದ್ರೂ ಕೇಳೇ ಬಡಸು. ಮತ್ತ ಇನ್ನೊಂದು. ಹೊಸಾ ಸಾಬ ಬಂದ್ ಕೂಡ್ಲೆ ಹೊಟ್ಟಿ ಸುದ್ದಿ ತೆಗೀಬ್ಯಾಡ. ಆಟದ ಸುದ್ದಿ ತೆಗಿ. ಬಾಯಿ ತಾನೇ ಬಿಚ್ಚತದ."

ಎರಡನೆಯ ಮಾತು ನನಗೆ ಅವತ್ತೇ ಹಿಡಿಸಿತು. ನಾನು ವಾಡಿಯ ರೈಲ್ವೆ ಕಾಲೋನಿಯ ಮೈದಾನದ ಅಂಚಿನಲ್ಲಿ ನಿಂತು ಫುಟ್‌ಬಾಲ್ ನೋಡುತ್ತಾ ಬೆಳೆದವನು. ಊಟದ ಕೋಣೆಯಲ್ಲಿ ಚೆಂಡಿನ ಚಿತ್ರವಿದ್ದ ಒಂದು ಹಳೆಯ ಕ್ಯಾಲೆಂಡರ್ ಹಾಕಿದೆ. ಹೊಸಬರು ಬಂದು ನೀರು ಕುಡಿದ ಮೇಲೆ ಅದರ ಕಡೆ ಬೆರಳು ತೋರಿಸಿ, "ನಿಮ್ಮ ಮಾತಿನಲ್ಲಿ?" ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಕೇಳುವುದು. ಅವರು ಹೇಳಿದ್ದನ್ನು ರಿಜಿಸ್ಟರಿನ ಕೊನೆಯ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು. ವಿಮಾನ, ರೈಲು, ಧೂಳು, ಬಿಸಿಲು ಎಲ್ಲ ದಾಟಿ ಸೊರಗಿ ಬಂದ ಮುಖ ಆ ಒಂದು ಶಬ್ದ ಹೇಳುವಾಗ ಅರಳುತ್ತಿತ್ತು. ಅದನ್ನು ನೋಡುವುದೇ ನನಗೊಂದು ಚಟವಾಯಿತು.

ಆ ಪುಟ ಈಗಲೂ ನನ್ನ ಹತ್ತಿರವಿದೆ. ಜರ್ಮನಿಯವರು ಫುಸ್‌ಬಾಲ್ ಅಂದರು, ಡೆನ್ಮಾರ್ಕಿನವರು ಫೊಡ್‌ಬೊಲ್ಡ್. ಅವೆಲ್ಲ ಅಣ್ಣತಮ್ಮಂದಿರ ಮಕ್ಕಳ ಹಾಗೆ ಕೇಳಿಸುತ್ತವೆ. ಸ್ಪೇನಿನವರ ಫುತ್‌ಬೊಲ್ ಇಂಗ್ಲಿಷಿನದೇ, ಅವರ ಅಂಗಿ ತೊಟ್ಟುಕೊಂಡಿದೆ ಅಷ್ಟೆ. ಫಿನ್ಲೆಂಡಿನ ಒಬ್ಬರು ಯಾಲ್ಕಪಲ್ಲೊ ಅಂದಾಗ ಇದೇನು ಹೊಸತು ಅಂತ ಕುತೂಹಲವಾಯಿತು. ಅವರು ತಮ್ಮ ಕಾಲು ತಟ್ಟಿ "ಯಾಲ್ಕ" ಅಂದರು, ಕೈಯಲ್ಲಿ ದುಂಡಗೆ ತೋರಿಸಿ "ಪಲ್ಲೊ" ಅಂದರು. ಅಲ್ಲಿಗೆ ಅದೂ ಕಾಲಿನ ಚೆಂಡೇ. ಗ್ರೀಸಿನವರ ಪೊದೊಸ್ಫೆರೊ ಕೂಡ ಕಾಲು ಮತ್ತು ಗೋಲ. ಕ್ರೊಯೇಷಿಯಾದವರದು ನೊಗೊಮೆತ್. ಅದರಲ್ಲಿ ಕಾಲಿದೆ, ಚೆಂಡಿಲ್ಲ. "ಚೆಂಡು ಎಲ್ಲಿ?" ಅಂತ ಕೇಳಿದರೆ, "ಕಾಲಿದ್ದ ಮೇಲೆ ಚೆಂಡು ಬರುತ್ತದೆ," ಎಂದು ನಕ್ಕುಬಿಟ್ಟರು. ಮೊದಮೊದಲು ಇವೆಲ್ಲ ಬೇರೆಬೇರೆ ಶಬ್ದ ಅಂದುಕೊಂಡಿದ್ದೆ. ವರ್ಷ ಕಳೆದಂತೆ ಅನ್ನಿಸಿದ್ದು, ಎಲ್ಲರೂ ಹೇಳುತ್ತಿರುವುದು ಹೆಚ್ಚುಕಡಿಮೆ ಒಂದನ್ನೇ. ಎಲ್ಲರಿಗೂ ಇರುವುದು ಎರಡು ಕಾಲು, ಉರುಳುವುದೊಂದು ಚೆಂಡು.

ಇನ್ನು ಆ ದಸರೆಯ ಕತೆ.

ಆ ವರ್ಷ ಕಿಲ್ನ್ ದುರಸ್ತಿಯಿತ್ತು. ಕಿಲ್ನ್ ಅಂದರೆ ಕಲ್ಲು ಸುಡುವ, ಅಡ್ಡ ಮಲಗಿಸಿದ ಭಾರಿ ಉಕ್ಕಿನ ಕೊಳವೆ. ಅದರ ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಕೂಡಿಸಬೇಕು. ಆ ಕೆಲಸಕ್ಕೆ ಬಂದವರು ಹಂಗೇರಿಯ ಲಾಸ್ಲೊ. ಅರವತ್ತರ ಆಸುಪಾಸು, ಬಿಳಿ ಮೀಸೆ, ದೊಡ್ಡ ಕೈ. ಅವರ ಜೊತೆಗೆ ಯಂತ್ರದ ಕೆಲಸಕ್ಕೆ ಪೋಲೆಂಡಿನ ತೊಮಾಶ್, ಇಟಲಿಯ ಮಾರ್ಕೊ. ಮೂವರದೂ ಬೇರೆ ಭಾಷೆ, ಮೂವರೂ ಬೇರೆ ಮೇಜು. ಇಟ್ಟಿಗೆ ಹೊತ್ತ ಹಡಗು ಎಲ್ಲೋ ಸಿಕ್ಕಿಬಿದ್ದು ಲಾಸ್ಲೊ ಅವರಿಗೆ ಮೂರು ವಾರದಿಂದ ಕೆಲಸವೇ ಇರಲಿಲ್ಲ. ಕೆಲಸವಿಲ್ಲದ ಮೇಸ್ತ್ರಿಗೆ ಊಟ ಎಲ್ಲಿ ರುಚಿಸಬೇಕು? ಖಾರ ಅಂದರು. ಸಪ್ಪೆ ಮಾಡಿದೆವು. ಸಪ್ಪೆ ಅಂದರು. ಸಂಜೆ ಐದಕ್ಕೆ ಮಾತ್ರ ಅವರ ಮುಖಕ್ಕೆ ಕಳೆ. ಊರಿಂದ ಸೂಟ್‌ಕೇಸಿನಲ್ಲಿ ಗಾಳಿ ತೆಗೆದು ತಂದಿದ್ದ ಫುಟ್‌ಬಾಲಿಗೆ ಗಾಳಿ ತುಂಬಿ ಹಿಂದಿನ ಬಯಲಿಗೆ ತರುತ್ತಿದ್ದರು. ಮಿಕ್ಕಿಬ್ಬರು ಬರುತ್ತಿದ್ದರು. ಆ ಒಂದು ಗಂಟೆ ಮೂವರೂ ಕೂಗಾಡಿಕೊಂಡು ಆಡುತ್ತಿದ್ದರು. ಲಾಸ್ಲೊ ಅದನ್ನು ಲಬ್ದರೂಗಾಶ್ ಅನ್ನುತ್ತಿದ್ದರು, ಚೆಂಡು ಒದೆಯುವುದು ಅಂತ ಅರ್ಥವಂತೆ. ತೊಮಾಶ್ ಪಿವ್ಕಾ ನೋಜ್ನಾ ಅನ್ನುತ್ತಿದ್ದ. ಮಾರ್ಕೊ ಕಾಲ್ಚೊ ಅನ್ನುತ್ತಿದ್ದ.

ನಮ್ಮ ಆಡಳಿತಾಧಿಕಾರಿ ದೇಸಾಯಿ ಸಾಹೇಬರು ಒಂದು ದಿನ ಕರೆದರು. ಒಳ್ಳೆಯ ಮನುಷ್ಯ. ಗಾಬರಿಯಾದಾಗ ಮಾತ್ರ ಗಟ್ಟಿಯಾಗಿ ಮಾತಾಡುವವರು.

"ಮಲ್ಲಣ್ಣ, ಆ ಮುದುಕರು ವಾಪಸ್ ಹೋಗ್ತೀನಿ ಅನ್ಲಿಕತ್ತಾರ. ದಸರಾದ ದಿನ ಮಧ್ಯಾಹ್ನದ ಗಾಡಿಗೆ ಟಿಕೀಟು ಕೇಳ್ಯಾರ. ಇಟ್ಟಂಗಿ ದಸರಾದ ಮರುದಿನ ಬರ್ತಾವ, ಇವರು ಒಂದಿನ ಮೊದಲೇ ಹೋದ್ರ ಕಿಲ್ನಿಗಿ ಬೆಂಕಿ ಯಾರು ಹಚ್ಚೋರು? ಮ್ಯಾಲಿನೋರು ನನಗ ಏನ್ ಕೇಳ್ತಾರ ಗೊತ್ತೇನು? ಊಟ ಸರಿ ಇಲ್ಲಂತ ಹೋದ್ರೇನು ಅಂತ. ಹೈದರಾಬಾದಿನ ಗುತ್ತಿಗಿದಾರನ ಅರ್ಜಿ ಇಲ್ಲೇ ಅದ ನೋಡ್ರಿ. ಅವರು ಅಭಿಪ್ರಾಯದ ಹಾಳಿ ಮ್ಯಾಲ ಊಟದ ಬಗ್ಗೆ ಒಂದು ಕೆಟ್ಟ ಮಾತು ಬರದ್ರ, ಅಡಗಿಮನಿ ಅವರಿಗಿ ಹೋಗ್ತದ."

ಅಡುಗೆಮನೆ ಅಂದರೆ ನಾಲ್ಕು ಹೆಂಗಸರು. ಅವರಿಗೆಲ್ಲ ಹಿರಿಯಳು ಸೇಡಂ ತಾಲೂಕಿನ ಮುಧೋಳದ ಶರಣಮ್ಮ. ಹುಸೇನಸಾಬರ ಕೈಕೆಳಗೆ ಪಾತ್ರೆ ತಿಕ್ಕುತ್ತಾ ಬಂದು ಅವರ ಕೈರುಚಿಯನ್ನೆಲ್ಲ ಎತ್ತಿಕೊಂಡವಳು. ಗುತ್ತಿಗೆದಾರ ತನ್ನ ಜನರನ್ನೇ ತರುತ್ತಾನೆ ಎಂಬುದು ಆಕೆಗೆ ನಾನು ಹೇಳುವ ಮೊದಲೇ ಗೊತ್ತಿತ್ತು.

"ಲಾಸಪ್ಪ ಹೊಟ್ಟಿಗಿ ಉಣ್ಣಂಗಿಲ್ರೀ, ಮನಸಿಗಿ ಉಣ್ಣತಾನ," ಅಂದಳು. ಲಾಸ್ಲೊ ಆಕೆಯ ಬಾಯಲ್ಲಿ ಲಾಸಪ್ಪ ಆಗಿದ್ದರು. "ಮನಸು ಅರಳಸ್ರಿ. ಹೋಳಿಗಿ ನಾ ಮಾಡ್ತೀನಿ."

ಮರುದಿನ ನಮ್ಮ ಕಡೆ ಖಂಡೆ ಪೂಜೆ ಅನ್ನುವ ಆಯುಧಪೂಜೆ. ಕಾರ್ಖಾನೆಗೆ ರಜೆ. ಬೆಳಗ್ಗೆಯೇ ಅಂಗಳ ತೊಳೆದು ಇಳಿಗೆ, ಚಾಕು, ಸೌಟು, ಮಿಕ್ಸರ್, ನನ್ನ ಸೈಕಲ್ಲು, ಎಲ್ಲವನ್ನೂ ಪಡಸಾಲೆಯಲ್ಲಿ ಸಾಲಾಗಿ ಇಟ್ಟೆವು. ದುಡಿಯುವ ಆಯುಧಕ್ಕೆ ಆ ದಿನ ವಿಶ್ರಾಂತಿ. ಪೂಜೆಗೆ ಕೂತದ್ದನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ. ಅದಕ್ಕೇ ಹೋಳಿಗೆಯ ಕೆಲಸ ನಸುಕಿನಲ್ಲೇ ಮುಗಿದಿತ್ತು. ಆಗ ನನಗೊಂದು ಯೋಚನೆ ಬಂತು. ಎಲ್ಲರ ಆಯುಧ ಇಲ್ಲಿದೆ. ಲಾಸ್ಲೊ ಅವರದು? ಇಟ್ಟಿಗೆ ಬಂದಿಲ್ಲ, ಕರಣಿ ಪೆಟ್ಟಿಗೆಯಲ್ಲೇ ಇದೆ. ಈ ಮೂರು ವಾರ ಅವರ ಕೈಗೂ ಕಾಲಿಗೂ ಸಿಕ್ಕಿದ ಆಯುಧ ಎಂದರೆ ಆ ಚೆಂಡು ಒಂದೇ. ಚಪ್ಪಲಿಯ ಕಪಾಟಿನ ಮೇಲಿದ್ದ ಅದನ್ನು ತಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿತ್ತಾಳೆ ತಾಟಿನಲ್ಲಿಟ್ಟು, ಶರಣಮ್ಮನ ಕೈಯಿಂದ ವಿಭೂತಿ ಕುಂಕುಮ ಹಚ್ಚಿಸಿ, ಚೆಂಡುಹೂವಿನ ಮಾಲೆ ಹಾಕಿಸಿದೆ. ಎಲ್ಲದರ ನಡುವೆ ಇಟ್ಟೆ. ಆರತಿಯಾಯಿತು. ನನ್ನನ್ನು ನಾನೇ ಮೆಚ್ಚಿಕೊಂಡೆ.

ಒಂಬತ್ತು ಗಂಟೆಗೆ ಮೂವರೂ ಬೂಟು ಕಟ್ಟಿಕೊಂಡು ಬಂದರು. ರಜೆಯ ದಿನ ಪೂರ್ತಿ ಆಟ ಆಡುವುದೆಂದು ಮಾತಾಗಿತ್ತಂತೆ. ಹೊರಡುವ ಮುಂಚಿನ ಕೊನೆಯ ಆಟ. ಲಾಸ್ಲೊ ಕಪಾಟು ನೋಡಿದರು, ಕೆಳಗೆ ನೋಡಿದರು, ಆಮೇಲೆ ಪಡಸಾಲೆ ನೋಡಿದರು. ಕೈ ಚಾಚಿ ಎರಡು ಹೆಜ್ಜೆ ಇಟ್ಟರು.

"ಮುಟ್ಟಬ್ಯಾಡ್ರಿ ಲಾಸಪ್ಪ!" ಶರಣಮ್ಮ ಅಡ್ಡ ನಿಂತಳು. "ನಾಳಿ ಬನ್ನಿ ಮುಡಿಯೋತನ ಮುಟ್ಟಂಗಿಲ್ಲ!"

ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಇದು ಗೌರವ, ಇದು ದೇವರು, ನಾಳೆ ಸಂಜೆ ಕೊಡುತ್ತೇವೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಚೆಂಡು ನನ್ನದು. ನೀನು ಕೇಳಲಿಲ್ಲ," ಅಂದರು. ಆಮೇಲೆ, "ಆ ಹಾಳೆ ಕೊಡು," ಅಂದರು. ಅಭಿಪ್ರಾಯದ ಹಾಳೆ. ಅದನ್ನು ತೆಗೆದುಕೊಂಡು ರೂಮ್ ಐದಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.

ಏಳು ರೊಟ್ಟಿ ನೆನಪಾದವು. ಹುಸೇನಸಾಬರು ಹೇಳಿಕೊಟ್ಟ ಮಾತನ್ನು ಊಟಕ್ಕೆ ಮಾತ್ರ ಅಂದುಕೊಂಡಿದ್ದೆ ನಾನು.

ಬೇರೆ ಚೆಂಡು ಸಿಕ್ಕೀತೇ ಎಂದು ವಾಡಿಯ ಆಟದ ಸಾಮಾನಿನ ಅಂಗಡಿಗೆ ಫೋನ್ ಮಾಡಿದೆ. "ಇವತ್ತ ಅಂಗಡಿನೂ ಪೂಜಿಗಿ ಕುಂತದ ಕಾಕಾ," ಅಂದರು. ಶಹಾಬಾದಿನಲ್ಲೂ ಅದೇ. ಶರಣಮ್ಮನ ಮುಖ ನೋಡುತ್ತಾ ಕೇಳಿದೆ: "ನಾನೇ ಎತ್ತಿ ಕೊಡ್ಲೇನು? ಪಾಪ ಬಂದ್ರ ನನಗ ಬರ್ಲಿ."

"ಎತ್ರಿ," ಅಂದಳು. "ಎತ್ತಿದ ಮ್ಯಾಲ ನಾ ಈ ಸೌಟು ಹಿಡಿಯಂಗಿಲ್ಲ. ಗುತ್ತಿಗಿದಾರ ಕಳಸೋತನಾ ಯಾಕ, ನಾನೇ ಹೋಗ್ತೀನಿ." ಮಿಕ್ಕ ಮೂವರು ಹೆಂಗಸರೂ ಆಕೆಯ ಹಿಂದೆ ನಿಂತರು. ಕೆಲಸ ಉಳಿಸಿಕೊಳ್ಳಬೇಕಾದವರೇ ಹೀಗೆಂದ ಮೇಲೆ ಚೆಂಡು ತಾಟಿನಲ್ಲೇ ಉಳಿಯಿತು.

ಸುಮ್ಮನೆ ಕೂರಲಾಗದೆ ಉಗ್ರಾಣಕ್ಕೆ ಹೋದೆ. ಅಲ್ಲಿ ಹರಿದ ಚಾದರಗಳ ಗಂಟಿತ್ತು. ಅದನ್ನು ನೋಡಿದಾಗ ಕಾಗಿಣಾ ನದಿಯ ಉಸುಕು ನೆನಪಾಯಿತು. ವಾಡಿಗೆ ಬರುವ ಮುಂಚೆ ನಾವಿದ್ದ ಹಳ್ಳಿ ಹೊಳೆದಂಡೆಯದು. ಚಿಕ್ಕವರಿದ್ದಾಗ ನಾವು ಆಡುತ್ತಿದ್ದದ್ದು ಅರಿವಿ ಚೆಂಡು. ಹಳೆಯ ಬಟ್ಟೆ ಸುತ್ತಿ ಸುತ್ತಿ ಮಾಡಿದ್ದು. ಗಂಟು ಹೊತ್ತುಕೊಂಡು ಬಂದು ರೂಮ್ ಐದರ ಕಿಟಕಿಯ ಎದುರಿಗೇ ಕಟ್ಟೆಯ ಮೇಲೆ ಕೂತೆ. ಚಾದರ ಹರಿದು ಪಟ್ಟಿ ಮಾಡಿ ಒಂದು ಗಂಟು ಕಟ್ಟಿದೆ, ಅದರ ಮೇಲೆ ಸುತ್ತತೊಡಗಿದೆ. ಐವತ್ತರ ಮನುಷ್ಯ ಹಬ್ಬದ ದಿನ ಚಿಂದಿ ಸುತ್ತುತ್ತಾ ಕೂತದ್ದು ನೋಡಿ ಮಾರ್ಕೊ ಬಂದು ಪಕ್ಕದಲ್ಲಿ ಕೂತ. ತೊಮಾಶ್ ಪಟ್ಟಿ ಹರಿದುಕೊಟ್ಟ. ಚೆಂಡು ಕುಂಬಳಕಾಯಿಯಂತೆ ಒಂದು ಕಡೆ ಉಬ್ಬಿತು.

ಕಿಟಕಿಯ ಪರದೆ ಸರಿಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. "ಇಲ್ಲ, ಇಲ್ಲ, ಇಲ್ಲ," ಎನ್ನುತ್ತಾ ಲಾಸ್ಲೊ ಬಂದರು. ನನ್ನ ಕೈಯಿಂದ ಅದನ್ನು ಕಿತ್ತುಕೊಂಡರು. ಅಷ್ಟೂ ಬಿಚ್ಚಿ ಹಾಕಿದರು. ಒಳಗೆ ಹೋಗಿ ಉದ್ದನೆಯ ಉಣ್ಣೆಯ ಕಾಲುಚೀಲ ತಂದರು, ಚಿಂದಿಯನ್ನು ಅದರಲ್ಲಿ ತುಂಬಿ ತಿರುಚಿ, ಅದನ್ನೇ ಮಗುಚಿ ಮತ್ತೆ ತಿರುಚಿ, ನೋಡುನೋಡುತ್ತಿದ್ದಂತೆ ದುಂಡಗೆ ಮಾಡಿದರು.

"ರೊಂಜ್‌ಲಬ್ದ," ಅಂದರು.

ಅವರ ಭಾಷೆಯಲ್ಲಿ ಅದು ಅರಿವಿ ಚೆಂಡೇ. ಅವರೂರಿನ ಪಕ್ಕದಲ್ಲೂ ಒಂದು ನದಿ, ಅವರಪ್ಪನ ಕಾಲುಚೀಲ ಕದ್ದು ಚೆಂಡು ಮಾಡಿ ಏಟು ತಿಂದದ್ದು, ಎಲ್ಲ ಕೈಸನ್ನೆಯಲ್ಲೇ ತಿಳಿಯಿತು. ನಾನು ನಮ್ಮ ಪದ್ಧತಿಯಂತೆ ಮೇಲೆ ಹಗ್ಗದ ಜಾಲರಿ ಹೆಣೆಯಲು ಹೊರಟರೆ ಬೇಡ ಅಂದರು. ಹಗ್ಗವಿಲ್ಲದೆ ನಿಲ್ಲುವುದಿಲ್ಲ ಎಂದು ನಾನು ಹಟ ಹಿಡಿದೆ. ಕೊನೆಗೆ ಅವರ ಕಾಲುಚೀಲದ ಮೇಲೆ ನನ್ನ ಹಗ್ಗ ಬಿತ್ತು.

ಹಿಂದಿನ ಬಯಲಿನಲ್ಲಿ ಎರಡು ಎಣ್ಣೆ ಡಬ್ಬಿ ಇಟ್ಟು ಗೋಲು ಮಾಡಿದೆವು. ಶರಣಮ್ಮ ಕಚ್ಚೆ ಹಾಕಿ ನಡುವೆ ನಿಂತು, "ಬರ್ರಿ ನೋಡ್ತೀನಿ, ಯಾರ್ ಬರ್ತೀರಿ ಬರ್ರಿ," ಅಂದಳು. ಮಾರ್ಕೊ ಚರ್ಮದ ಚೆಂಡಿನಲ್ಲಿ ಭಾರಿ ಆಟಗಾರ. ಪುಟಿಯದ ಈ ಚೆಂಡಿನ ಮುಂದೆ ಅವನ ಆಟ ನಡೆಯಲೇ ಇಲ್ಲ. ನಾನೂ ಲಾಸ್ಲೊ ಅವರೂ ಹೆಬ್ಬೆರಳಿನ ಪಕ್ಕದಿಂದ ಮೆಲ್ಲಗೆ ತಳ್ಳುತ್ತಾ ಹೋದರೆ ಅವನು ಗಾಳಿಗೆ ಒದೆಯುತ್ತಾ ಉಳಿದ. "ಅಯ್ಯ, ಮಾರ್ಕಪ್ಪಗ ಹೊಲದಾಗಿನ ಗುಬ್ಬಿ ಕಾಯ್ಲಿಕ್ಕ ಹಚ್ರಿ!" ಎಂದು ಶರಣಮ್ಮ ಕೂಗಿದಳು. ಆಕೆ ಸೆರಗಿನಲ್ಲೇ ಎರಡು ಗೋಲು ಹಿಡಿದಳು. ಯಾರು ಗೆದ್ದರೆಂದು ರಿಜಿಸ್ಟರಿನಲ್ಲಿ ಇಲ್ಲ. "ಮಧ್ಯಾಹ್ನದ ಊಟ: ಮೂರು ಗಂಟೆಗೆ, ಎಲ್ಲರೂ ಒಟ್ಟಿಗೆ" ಎಂದಷ್ಟೇ ಇದೆ.

ಊಟಕ್ಕೆ ಮೂವರೂ ಒಂದೇ ಕಡೆ, ನಮ್ಮ ಜೊತೆ ಚಾಪೆಯ ಮೇಲೆ ಕೂತರು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಲಾಸ್ಲೊ ಕೇಳಿದರು: "ನಿನ್ನ ಪುಟದಲ್ಲಿ ಎಲ್ಲರ ಶಬ್ದ ಬರೆದಿದ್ದೀಯ. ನಿನ್ನದು ಯಾವುದು?"

"ಫುಟ್‌ಬಾಲ್," ಅಂದೆ.

"ಅದು ಇಂಗ್ಲಿಷರದು. ನಿನ್ನದು?"

ಅಷ್ಟು ವರ್ಷ ಕಂಡಕಂಡ ದೇಶದವರನ್ನೆಲ್ಲ ಕೇಳಿದವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಶಾಲೆಯ ಪುಸ್ತಕದಲ್ಲಿ ಓದಿ, ಬಾಯಿಂದ ಒಮ್ಮೆಯೂ ಆಡದ ಶಬ್ದವೊಂದು ನೆನಪಾಯಿತು. "ಕಾಲ್ಚೆಂಡು," ಅಂದೆ. ಕಾಲು ತಟ್ಟಿ ತೋರಿಸಿದೆ, ಕೈಯಲ್ಲಿ ದುಂಡಗೆ ತೋರಿಸಿದೆ, ಆ ಫಿನ್ಲೆಂಡಿನವರ ಹಾಗೆಯೇ. ಮಾರ್ಕೊ ಬೆರಗಾಗಿ, "ಕಾಲ್ಚೊ!" ಎಂದು ತನ್ನ ಎದೆ ತಟ್ಟಿಕೊಂಡ.

"ಹಂಗಾದ್ರ ಇವ ನಮ್ಮೋನೇ," ಅಂದಳು ಶರಣಮ್ಮ. "ಅರ್ಧಾ ಮಾತು ದಾರಿಯಾಗ ಕಳಕೊಂಡ್ ಬಂದಾನ."

ಮರುದಿನ ಮಧ್ಯಾಹ್ನ ದೇಸಾಯಿ ಸಾಹೇಬರು ಜೀಪು ಕಳಿಸಿದರು, ಲಾಸ್ಲೊ ಅವರನ್ನು ಸ್ಟೇಷನ್ನಿಗೆ ಬಿಡಲು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಲಾಸ್ಲೊ ಹೊರಗೆ ಬಂದರು. ಕೈಯಲ್ಲಿ ಸೂಟ್‌ಕೇಸಿರಲಿಲ್ಲ. ಡ್ರೈವರಿಗೆ ಪಡಸಾಲೆಯ ಕಡೆ ಬೆರಳು ತೋರಿಸಿ, "ನನ್ನ ಚೆಂಡು ಸಂಜೆ ತನಕ ಪೂಜೆಯಲ್ಲಿದೆ. ಅದನ್ನು ಬಿಟ್ಟು ಹೇಗೆ ಹೋಗಲಿ?" ಅಂದರು. ಜೀಪು ಬರಿದೇ ಹೋಯಿತು. ಸಂಜೆ ಬನ್ನಿ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ," ಎಂದು ಎಲ್ಲರೂ ಕೈಮುಗಿದೆವು. ನಾನು ಚೆಂಡಿದ್ದ ತಾಟು ಎತ್ತಿಕೊಂಡು ಅವರ ಮುಂದೆ ಹೋಗಿ, "ಕೊಡಲೇ?" ಎಂದು ಕೇಳಿದೆ. ಅವರು ತಲೆಯಾಡಿಸಿದ ಮೇಲೆ ಕೊಟ್ಟೆ. ಕುಂಕುಮವನ್ನು ಅವರು ಒರೆಸಲಿಲ್ಲ. ಮರುದಿನ ಇಟ್ಟಿಗೆ ಬಂತು. ಅವರು ಎಂಟು ವಾರ ಇದ್ದು, ಕಿಲ್ನಿಗೆ ಬೆಂಕಿ ಹಚ್ಚಿಯೇ ಹೋದರು. ಹೋಗುವಾಗ ಚರ್ಮದ ಚೆಂಡು, ಅರಿವಿ ಚೆಂಡು ಎರಡನ್ನೂ ಒಯ್ದರು. ಕಾಲುಚೀಲ ಅವರದೇ ಅಲ್ಲವೇ.

ಅವರು ಕೊಟ್ಟುಹೋದ ಅಭಿಪ್ರಾಯದ ಹಾಳೆಯನ್ನು ದೇಸಾಯಿ ಸಾಹೇಬರು ನನ್ನ ಮುಂದೆಯೇ ಬಿಚ್ಚಿದರು. 'ತೊಂದರೆಗಳು' ಎಂಬಲ್ಲಿ "ನನ್ನ ಚೆಂಡು ತೆಗೆದುಕೊಂಡರು" ಎಂದು ಬರೆದು ಗೀಟು ಎಳೆದು ಹೊಡೆದುಹಾಕಿದ್ದರು. ಅದರ ಕೆಳಗೆ: "ಚೆಂಡು ಮೆತ್ತಗಿದೆ. ಇನ್ನೂ ಬಿಗಿಯಾಗಿ ಸುತ್ತಬೇಕು." 'ಊಟ' ಎಂಬಲ್ಲಿ: "ಬಹಳ ಚೆನ್ನಾಗಿದೆ. ಒಂದೇ ಕೊರತೆ. ಎರಡನೆಯ ಹೋಳಿಗೆಯನ್ನು ನಾನೇ ಬಾಯಿಬಿಟ್ಟು ಕೇಳಬೇಕಾಯಿತು."

ಸಾಹೇಬರು ಕನ್ನಡಕ ತೆಗೆದರು. "ಏನ್ರಿ ಮಲ್ಲಣ್ಣ, ಊಟಕ್ಕ ಚೆಂಡು ಬಡಿಸಿದ್ರೇನು?" ಅಂದರು. ಗುತ್ತಿಗೆದಾರನ ಅರ್ಜಿ ಮರಳಿ ಹೋಯಿತು. ಶರಣಮ್ಮ ಇವತ್ತಿಗೂ ಆ ಅಡುಗೆಮನೆಯಲ್ಲೇ ಇದ್ದಾಳೆ.

ಸುಜಾತಾ, ಈಗ ನಿಮ್ಮಲ್ಲಿ ಅಭಿಪ್ರಾಯವೂ ಫೋನಿನಲ್ಲೇ, ಐದು ನಕ್ಷತ್ರದಲ್ಲಿ. ಅತಿಥಿ ತನ್ನ ಭಾಷೆಯಲ್ಲಿ ಆಡಿದ್ದನ್ನು ಫೋನೇ ಕನ್ನಡದಲ್ಲಿ ಹೇಳುತ್ತದೆ. ಒಳ್ಳೆಯದೇ. ನಮಗೆ ಅರ್ಧ ದಿನ ಹಿಡಿಯುತ್ತಿದ್ದದ್ದು ನಿಮಗೆ ಅರ್ಧ ನಿಮಿಷ. ಆದರೂ ಕ್ಯಾಲೆಂಡರ್ ತೆಗೆಯಬೇಡ. ಬೆರಳು ತೋರಿಸಿ ಕೇಳು, ಮುಖ ನೋಡು. ಇನ್ನು ಯಾವುದನ್ನು ಕೇಳಿ ಮಾಡಬೇಕು, ಯಾವುದನ್ನು ಕೇಳದೆ ಬಡಿಸಬೇಕು ಎಂಬುದನ್ನು ಮೂವತ್ತೊಂದು ವರ್ಷದಲ್ಲಿ ನಾನು ಪೂರ್ತಿ ಕಲಿಯಲಿಲ್ಲ. ನಿನಗೆ ತಿಳಿದರೆ ನನಗೂ ತಿಳಿಸು.

ನಾನು ನಿವೃತ್ತನಾದ ದಿನ ಆಫೀಸಿನವರು ಶಾಲು ಹೊದಿಸಿದರು. ಅಡುಗೆಮನೆಯವರು ಒಂದು ಅರಿವಿ ಚೆಂಡು ಕೊಟ್ಟರು. ನಾಲ್ಕು ಹೆಂಗಸರು ನಾಲ್ಕು ಹಳೆಯ ಸೀರೆ ಸೇರಿಸಿ ಸುತ್ತಿದ್ದು. ಹಿಡಿದು ನೋಡಿದೆ, ಕಲ್ಲಿನಷ್ಟು ಬಿಗಿ. ಈ ವರ್ಷ ಖಂಡೆ ಪೂಜೆಯ ಬೆಳಗ್ಗೆ ಅದನ್ನು ತಾಟಿನಲ್ಲಿ ಇಡಲು ಹೋದವನು ಕೈ ತಡೆದು ಶರಣಮ್ಮನಿಗೆ ಫೋನ್ ಮಾಡಿದೆ.

"ನೀವು ಕೊಟ್ಟ ಚೆಂಡು ಪೂಜಿಗಿ ಇಡ್ಲೇನು?"

"ಎಷ್ಟಾದ್ವು ಈಗ?"

"ಏಳೂವರಿ."

"ಇನ್ನಾ ಹೊತ್ತದಲ್ರೀ," ಅಂದಳು. "ಮೊದಲ ಆಡ್ರಿ. ಆಮ್ಯಾಲ ಇಡ್ರಿ."